ಹಗರಣ ಬಯಲಾದರೂ ಕುರ್ಚಿ ಯಾಕೆ ಉಳಿಯುತ್ತದೆ?

ಓದುಗರ ಪ್ರಶ್ನೆ: "ನಮಸ್ಕಾರ ಮೇಡಂ. ನಮ್ಮೂರು ಶಿವಮೊಗ್ಗ. ಈಗ ಇರುವುದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ನಗರದ ಒಳಗೇ. ಹೋದ ವರ್ಷ ನಾನು ಸಿಟಿಜನ್ ಆದೆ, ನಮ್ಮ ಯಜಮಾನರಿಗೆ ಇನ್ನೂ ಗ್ರೀನ್ ಕಾರ್ಡ್. ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅಮೆರಿಕದ ರಾಜಕೀಯ ಅಂದರೆ ಬರೀ ಮೀಮ್. ಒಬ್ಬರು ಟ್ರಂಪ್ ಮೇಲೆ ಹಾಕುತ್ತಾರೆ, ಇನ್ನೊಬ್ಬರು ಬೈಡನ್ ಮಗನ ಮೇಲೆ. ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗೀತು. ನಿಕ್ಸನ್ ಒಂದು ಕಳ್ಳತನದ ವಿಷಯಕ್ಕೆ ರಾಜೀನಾಮೆ ಕೊಟ್ಟರು ಅಂತ ಓದಿದ್ದೆ. ಈಗ ಟ್ರಂಪ್ 34 ಆರೋಪಗಳಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂದ ಮೇಲೂ ಅಧ್ಯಕ್ಷರಾಗಿ ಗೆಲ್ಲುತ್ತಾರೆ. ಪಕ್ಕದ ನ್ಯೂಜೆರ್ಸಿಯ ಸೆನೆಟರ್ ಮನೆಯಲ್ಲಿ ಚಿನ್ನದ ಗಟ್ಟಿ ಸಿಗುತ್ತದೆ. ಎರಡು ಪಾರ್ಟಿನೂ ಒಂದೇ ಅಲ್ವಾ? ವೋಟರ್ ಫಾರ್ಮ್‌ನಲ್ಲಿ ಯಾವ ಪಾರ್ಟಿ ಅಂತ ಕೇಳಿದ್ದಾರೆ. ಯಾವುದೂ ಬೇಡ ಅಂತ ಗುರುತು ಹಾಕೋಣ ಅನ್ನಿಸುತ್ತಿದೆ. 16 ವರ್ಷದ ಮಗ 'ವೋಟು ಹಾಕಿ ಏನು ಪ್ರಯೋಜನ ಅಮ್ಮಾ' ಅನ್ನುತ್ತಾನೆ. ಯಜಮಾನರು ಒಬ್ಬ ಅಭ್ಯರ್ಥಿಗೆ ದುಡ್ಡು ಕೊಡಬೇಕು ಅಂತಿದ್ದಾರೆ, ಕೊಡಬಹುದಾ?"

ಉತ್ತರ:

ನಿಮ್ಮ ಪತ್ರದಲ್ಲಿ ಬೇಸರ ಇದೆ, ಅದು ನನಗೆ ಅರ್ಥವಾಗುತ್ತದೆ. ನಾನು ಪೆನ್ಸಿಲ್ವೇನಿಯಾದ ಒಂದು ಕಾಲೇಜಿನಲ್ಲಿ ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಅನ್ನುವುದನ್ನು ಪಾಠ ಮಾಡುತ್ತೇನೆ. ಚುನಾವಣೆಯ ದಿನ ಮತಗಟ್ಟೆಯಲ್ಲೂ ಕೆಲಸ ಮಾಡುತ್ತೇನೆ. ನಿಮ್ಮ ಮಗ ಕೇಳುವ ಪ್ರಶ್ನೆಯನ್ನೇ ನನ್ನ ತರಗತಿಯ ಮಕ್ಕಳೂ ಕೇಳುತ್ತಾರೆ. ನೀವು ಕೇಳಿರುವುದು ಮುಖ್ಯವಾಗಿ ಎರಡು ವಿಷಯ. ಹಗರಣಕ್ಕೆ ಈಗ ಬೆಲೆಯೇ ಇಲ್ಲವಾ? ಇಲ್ಲದಿದ್ದರೆ ಆ ಫಾರ್ಮ್‌ನಲ್ಲಿ ಏನು ತುಂಬಬೇಕು? ಎರಡನೆಯದಕ್ಕೆ ಸರಿಯಾದ ಉತ್ತರ ಬೇಕಾದರೆ ಮೊದಲನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನಿಕ್ಸನ್ ಕಥೆಯಿಂದಲೇ ಶುರು ಮಾಡೋಣ. ಆಗಿನ ಜನ ಪ್ರಾಮಾಣಿಕರು, ತಪ್ಪು ಗೊತ್ತಾದ ಕೂಡಲೇ ಅಧ್ಯಕ್ಷರು ಇಳಿದು ಹೋದರು ಅಂತ ತುಂಬಾ ಜನ ನಂಬಿದ್ದಾರೆ. ನಡೆದದ್ದು ಹಾಗಲ್ಲ. ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಾರ್ಟಿ ಕಚೇರಿಗೆ ನುಗ್ಗಿದ, ನಿಕ್ಸನ್ ಚುನಾವಣಾ ತಂಡದ ನಂಟಿದ್ದ ಐದು ಜನ ಸಿಕ್ಕಿಬಿದ್ದದ್ದು 1972ರ ಜೂನ್ 17ರಂದು. ಅದೇ ನವೆಂಬರ್‌ನಲ್ಲಿ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದರು. ಜನ ಕೇರ್ ಮಾಡಲಿಲ್ಲ. ಆಮೇಲೆ ಎರಡು ವರ್ಷ ಪತ್ರಿಕೆಗಳು ಬರೆದವು, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿ ವಿಚಾರಣೆ ಮಾಡಿತು, ಅಧ್ಯಕ್ಷರ ಕಚೇರಿಯ ಮಾತುಕತೆ ಟೇಪ್ ಆಗಿದೆ ಅನ್ನುವುದು ಹೊರಬಂತು, ಟೇಪ್ ಕೊಡಿ ಅಂತ ಪಟ್ಟು ಹಿಡಿದ ವಿಶೇಷ ಪ್ರಾಸಿಕ್ಯೂಟರ್‌ನನ್ನೇ ನಿಕ್ಸನ್ ತೆಗೆಸಿದರು. ಕೊನೆಗೆ 1974ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 8-0 ತೀರ್ಪಿನಲ್ಲಿ ಟೇಪ್ ಕೊಡಲೇಬೇಕು ಅಂದಿತು. ಆ ತೀರ್ಪಿನಲ್ಲಿ ನಿಕ್ಸನ್ ಅವರೇ ನೇಮಿಸಿದ ನ್ಯಾಯಮೂರ್ತಿಗಳೂ ಇದ್ದರು. ಹೌಸ್, ಅಂದರೆ ನಮ್ಮ ಲೋಕಸಭೆಯಂಥ ಕೆಳಮನೆ, ಅದರ ನ್ಯಾಯಾಂಗ ಸಮಿತಿಯಲ್ಲಿ 17 ರಿಪಬ್ಲಿಕನ್ನರ ಪೈಕಿ ಆರು ಜನ ತಮ್ಮದೇ ಪಾರ್ಟಿಯ ಅಧ್ಯಕ್ಷರ ವಿರುದ್ಧ ವೋಟು ಹಾಕಿದರು. ಆಗಸ್ಟ್ 7ರಂದು ಬ್ಯಾರಿ ಗೋಲ್ಡ್‌ವಾಟರ್ ಸೇರಿ ಮೂವರು ರಿಪಬ್ಲಿಕನ್ ಹಿರಿಯರು ಶ್ವೇತಭವನಕ್ಕೆ ಹೋಗಿ, ಸೆನೆಟ್‌ನಲ್ಲಿ ನಿಮ್ಮನ್ನು ಉಳಿಸುವಷ್ಟು ವೋಟು ಇಲ್ಲ ಅನ್ನುವುದನ್ನು ಮುಖಕ್ಕೇ ತಿಳಿಸಿದರು. ಮಾರನೇ ದಿನ ನಿಕ್ಸನ್ ರಾಜೀನಾಮೆ ಘೋಷಿಸಿದರು.

ಅಷ್ಟೆಲ್ಲಾ ಆದ ಮೇಲೂ ರಿಪಬ್ಲಿಕನ್ ಮತದಾರರಲ್ಲಿ ಸುಮಾರು ಅರ್ಧದಷ್ಟು ಜನ ನಿಕ್ಸನ್ ಪರವೇ ಇದ್ದರು. ಒಂದು ತಿಂಗಳಲ್ಲಿ ಹೊಸ ಅಧ್ಯಕ್ಷ ಫೋರ್ಡ್ ಪೂರ್ತಿ ಕ್ಷಮೆ ಕೊಟ್ಟರು, ನಿಕ್ಸನ್ ಜೈಲು ನೋಡಲಿಲ್ಲ. ಅಂದರೆ ಅವತ್ತೂ ಮತದಾರ ಹೀಗೇ ಇದ್ದ. ವಿರೋಧಿಗಳು ಮಾಡುವ ಗಲಾಟೆಯಿಂದ ಅವತ್ತೂ ಕುರ್ಚಿ ಅಲುಗಾಡಲಿಲ್ಲ. ಸ್ವಂತ ಪಾರ್ಟಿಯವರು ಕೈ ಬಿಟ್ಟ ದಿನ ಅಲುಗಾಡಿತು. ನಾನು ಈ ಉತ್ತರದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ. ಇದನ್ನು ಹಿಡಿದುಕೊಂಡರೆ ಮುಂದಿನದೆಲ್ಲಾ ಸುಲಭವಾಗಿ ಅರ್ಥವಾಗುತ್ತದೆ.

ಇಂಪೀಚ್‌ಮೆಂಟ್ ಬಗ್ಗೆಯೂ ಒಂದು ತಪ್ಪು ತಿಳುವಳಿಕೆ ಇದೆ. ಇಂಪೀಚ್ ಆದರು ಅಂದರೆ ಕೆಲಸ ಹೋಯಿತು ಅಂತಲ್ಲ. ಹೌಸ್‌ನಲ್ಲಿ ಸರಳ ಬಹುಮತದಿಂದ ಆರೋಪ ಹೊರಿಸುತ್ತಾರೆ ಅಷ್ಟೇ. ತೆಗೆಯಬೇಕಾದರೆ ಸೆನೆಟ್‌ನಲ್ಲಿ ಮೂರರಲ್ಲಿ ಎರಡು ಪಾಲು, ಈಗಿನ ಲೆಕ್ಕದಲ್ಲಿ ಎಲ್ಲರೂ ಹಾಜರಿದ್ದರೆ 67 ವೋಟು ಬೇಕು. ಇಲ್ಲಿಯವರೆಗೆ ಒಬ್ಬ ಅಧ್ಯಕ್ಷರೂ ಹಾಗೆ ಕೆಲಸ ಕಳೆದುಕೊಂಡಿಲ್ಲ. 1868ರಲ್ಲಿ ಆಂಡ್ರ್ಯೂ ಜಾನ್ಸನ್ ಒಂದೇ ವೋಟಿನಲ್ಲಿ ಉಳಿದರು. 1998ರ ಡಿಸೆಂಬರ್‌ನಲ್ಲಿ ಕ್ಲಿಂಟನ್ ಇಂಪೀಚ್ ಆದ ವಾರವೇ ಗ್ಯಾಲಪ್ ಸಮೀಕ್ಷೆಯಲ್ಲಿ 73% ಜನ ಅವರ ಕೆಲಸ ಮೆಚ್ಚಿದ್ದರು. ಸೆನೆಟ್‌ನಲ್ಲಿ ಒಬ್ಬ ಡೆಮಾಕ್ರಟ್ ಕೂಡ ಅವರ ವಿರುದ್ಧ ವೋಟು ಹಾಕಲಿಲ್ಲ. ಟ್ರಂಪ್ ಮೊದಲ ಸಲ ಇಂಪೀಚ್ ಆದಾಗ ಅವರ ಪಾರ್ಟಿಯಿಂದ ವಿರುದ್ಧ ನಿಂತವರು ಸೆನೆಟರ್ ಮಿಟ್ ರಾಮ್ನಿ ಒಬ್ಬರೇ. ಸಂಸತ್ ಭವನಕ್ಕೆ ಜನ ನುಗ್ಗಿದ 2021ರ ಜನವರಿ 6ರ ಘಟನೆ ಆದ ಮೇಲೆ ಅವರು ಎರಡನೇ ಸಲ ಇಂಪೀಚ್ ಆದಾಗ ಏಳು ರಿಪಬ್ಲಿಕನ್ ಸೆನೆಟರ್‌ಗಳು ಸೇರಿ 57-43 ಆಯಿತು, ಅದೂ ಸಾಲಲಿಲ್ಲ.

ಬೆಳಗಾವಿಯ ಜನರಿಗೆ ಗೊತ್ತಿರುವ ಒಂದು ಹೆಸರು ಇಲ್ಲಿ ಬರುತ್ತದೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಈಗ ಮಿಷಿಗನ್‌ನಿಂದ ಹೌಸ್‌ನಲ್ಲಿದ್ದಾರೆ, ಡೆಮಾಕ್ರಟ್. 2025ರ ಏಪ್ರಿಲ್‌ನಲ್ಲಿ ಅವರು ಟ್ರಂಪ್ ವಿರುದ್ಧ ಏಳು ಆರೋಪಗಳ ಇಂಪೀಚ್‌ಮೆಂಟ್ ನಿರ್ಣಯ ತಂದರು. ಮೇ ತಿಂಗಳಲ್ಲಿ ಅದನ್ನು ಬಲವಂತವಾಗಿ ವೋಟಿಗೆ ಹಾಕಲು ಹೊರಟಾಗ ಅವರದೇ ಪಾರ್ಟಿಯವರು ಬೇಡ ಅಂದರು, ಅವರು ಹಿಂದೆ ಸರಿದರು. ಗೆಲ್ಲುವ ವೋಟು ಇಲ್ಲದೆ ಈ ಅಸ್ತ್ರ ಪದೇ ಪದೇ ಬಿಟ್ಟರೆ ಅದಕ್ಕೆ ಇರುವ ಬೆಲೆಯೂ ಹೋಗುತ್ತದೆ ಅನ್ನುವ ವಾದದಲ್ಲಿ ನನಗೆ ಹುರುಳಿದೆ ಅನ್ನಿಸುತ್ತದೆ.

ಹಾಗಾದರೆ 1974ರಲ್ಲಿ ಆದದ್ದು ಈಗ ಯಾಕೆ ಆಗುತ್ತಿಲ್ಲ? ಕಾರಣ ಟಿವಿ, ಮೊಬೈಲು ಅಂತ ಎಲ್ಲರೂ ಹೇಳುತ್ತಾರೆ. ಅದೂ ಒಂದು ಕಾರಣ, ಇಲ್ಲ ಅನ್ನಲ್ಲ. 1987ರಲ್ಲಿ ರೇಡಿಯೋ-ಟಿವಿ ಎರಡೂ ಕಡೆಯ ಮಾತು ಕೇಳಿಸಬೇಕು ಅನ್ನುವ ನಿಯಮ ತೆಗೆದರು, 1996ರಲ್ಲಿ ಫಾಕ್ಸ್ ನ್ಯೂಸ್ ಮತ್ತು ಎಂಎಸ್‌ಎನ್‌ಬಿಸಿ ಸುದ್ದಿ ಚಾನೆಲ್‌ಗಳು ಎರಡೂ ಶುರುವಾದವು. ಆದರೆ ಅದಕ್ಕಿಂತ ಆಳದ ಕಾರಣ ಪ್ರೈಮರಿ, ಅಂದರೆ ಪಾರ್ಟಿಯ ಅಭ್ಯರ್ಥಿ ಯಾರು ಅಂತ ಆರಿಸಲು ಮುಖ್ಯ ಚುನಾವಣೆಗೆ ಮೊದಲು ನಡೆಯುವ ಚುನಾವಣೆ. ನಮ್ಮಲ್ಲಿ ಟಿಕೆಟ್ ಕೊಡುವುದು ಹೈಕಮಾಂಡ್. ಪಾರ್ಟಿ ವಿರುದ್ಧ ವೋಟು ಹಾಕಿದ ಶಾಸಕನ ಸ್ಥಾನವನ್ನೇ ಪಕ್ಷಾಂತರ ನಿಷೇಧ ಕಾಯ್ದೆ ಕಿತ್ತುಕೊಳ್ಳಬಹುದು. ಅಮೆರಿಕದಲ್ಲಿ ಅಂಥ ಕಾಯ್ದೆ ಇಲ್ಲ. ಸದಸ್ಯ ತನ್ನ ಮನಸ್ಸಿಗೆ ಬಂದಂತೆ ವೋಟು ಹಾಕಬಹುದು, ಸ್ಥಾನ ಹೋಗುವುದಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಟಿಕೆಟ್ ಕೊಡುವವರು ಪ್ರೈಮರಿಯಲ್ಲಿ ವೋಟು ಹಾಕುವ ಪಾರ್ಟಿ ಮತದಾರರು, ಅವರ ಸಂಖ್ಯೆ ಕಡಿಮೆ, ಪಾರ್ಟಿ ಅಭಿಮಾನ ಜಾಸ್ತಿ. ನಾಯಕನ ವಿರುದ್ಧ ಹೋದವನನ್ನು ಅವರು ಮುಂದಿನ ಸಲ ಮನೆಗೆ ಕಳಿಸುತ್ತಾರೆ. 2021ರಲ್ಲಿ ಟ್ರಂಪ್ ವಿರುದ್ಧ ಹೌಸ್‌ನಲ್ಲಿ ವೋಟು ಹಾಕಿದ ಹತ್ತು ರಿಪಬ್ಲಿಕನ್ನರ ಕಥೆ ನೋಡಿ. ನಾಲ್ವರು ಮತ್ತೆ ನಿಲ್ಲಲೇ ಇಲ್ಲ, ನಾಲ್ವರು ಪ್ರೈಮರಿಯಲ್ಲಿ ಸೋತರು. ಸೋತವರಲ್ಲಿ ಮಾಜಿ ಉಪಾಧ್ಯಕ್ಷರ ಮಗಳು ಲಿಜ್ ಚೇನಿ ಕೂಡ ಇದ್ದರು. ಉಳಿದವರು ಇಬ್ಬರೇ. ಇದನ್ನು ಕಣ್ಣಾರೆ ನೋಡಿದ ಇನ್ನೂರು ಚಿಲ್ಲರೆ ಸದಸ್ಯರು ಏನು ಪಾಠ ಕಲಿತಿರುತ್ತಾರೆ ಹೇಳಿ?

ಇನ್ನೊಂದು ಬದಲಾವಣೆ ಇದೆ. ನಿಕ್ಸನ್ ಕಾಲದಲ್ಲಿ ಪಾರ್ಟಿಗಳು ಇಷ್ಟು ಬೇರೆ ಬೇರೆ ಆಗಿರಲಿಲ್ಲ. ದಕ್ಷಿಣದಲ್ಲಿ ಸಂಪ್ರದಾಯವಾದಿ ಡೆಮಾಕ್ರಟರಿದ್ದರು, ಈಶಾನ್ಯದಲ್ಲಿ ಉದಾರವಾದಿ ರಿಪಬ್ಲಿಕನ್ನರಿದ್ದರು. ಅಧ್ಯಕ್ಷರಿಗೆ ಒಂದು ಪಾರ್ಟಿ, ಸೆನೆಟ್‌ಗೆ ಇನ್ನೊಂದು ಪಾರ್ಟಿ ಅಂತ ವೋಟು ಹಾಕುವವರು ತುಂಬಾ ಇದ್ದರು. 2016ರಲ್ಲಿ ಸೆನೆಟ್ ಚುನಾವಣೆ ನಡೆದ 34 ರಾಜ್ಯಗಳಲ್ಲೂ, ಒಂದೂ ಬಿಡದೆ, ಅಧ್ಯಕ್ಷ ಚುನಾವಣೆ ಗೆದ್ದ ಪಾರ್ಟಿಯೇ ಸೆನೆಟ್ ಸ್ಥಾನವನ್ನೂ ಗೆದ್ದಿತು. 'ನಮ್ಮವನು ಕಳ್ಳ ನಿಜ, ಆದರೆ ಅವನನ್ನು ಸೋಲಿಸಿದರೆ ಆ ಕಡೆಯವರು ಬಂದು ನ್ಯಾಯಮೂರ್ತಿಗಳನ್ನು ನೇಮಿಸುತ್ತಾರೆ, ಗರ್ಭಪಾತದ ಕಾನೂನು, ವಲಸೆಯ ಕಾನೂನು ಬದಲಿಸುತ್ತಾರೆ' ಅಂತ ಒಬ್ಬ ಮತದಾರ ಯೋಚಿಸಿದರೆ ಅವನನ್ನು ದಡ್ಡ ಅನ್ನುವುದು ತಪ್ಪು. ಅವನ ಲೆಕ್ಕ ಅವನಿಗೆ ಸರಿಯೇ ಇದೆ. ಹಾಗೆ ಯೋಚಿಸುವವರನ್ನು ಗೇಲಿ ಮಾಡುವ ಮೀಮ್‌ಗಳಿಂದ ಒಬ್ಬರ ವೋಟೂ ಬದಲಾಗುವುದಿಲ್ಲ, ಅವರು ತಮ್ಮ ಪಾರ್ಟಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತಾರೆ.

ಈಗ 'ಎರಡೂ ಒಂದೇ' ಅನ್ನುವ ಮಾತಿಗೆ ಬರುತ್ತೇನೆ. ಇದನ್ನು ನಾನು ಒಪ್ಪುವುದಿಲ್ಲ. ಹಗರಣಗಳಲ್ಲಿ ತೂಕದ ವ್ಯತ್ಯಾಸ ಇದೆ. ಖಾಸಗಿ ಸಂಬಂಧ ಮುಚ್ಚಿಡಲು ಸುಳ್ಳು ಹೇಳುವುದು ಒಂದು, ಅಧಿಕಾರ ಮಾರಿ ಚಿನ್ನ ತೆಗೆದುಕೊಳ್ಳುವುದು ಇನ್ನೊಂದು, ಚುನಾವಣೆಯ ಎಣಿಕೆಯನ್ನೇ ತಡೆಯಲು ನೋಡುವುದು ಮತ್ತೊಂದು. ಕೊನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಮಿಕ್ಕ ತಪ್ಪುಗಳನ್ನು ತಿದ್ದುವ ಸಾಧನವೇ ಚುನಾವಣೆ. ನೀವು ಹೇಳಿದ 34 ಆರೋಪಗಳ ನ್ಯೂಯಾರ್ಕ್ ಕೇಸು ಅದಲ್ಲ. ಅದು ಒಬ್ಬ ನಟಿಗೆ ಬಾಯಿ ಮುಚ್ಚಿಸಲು ಕೊಟ್ಟ ಹಣವನ್ನು ಲೆಕ್ಕಪತ್ರದಲ್ಲಿ ಬೇರೆ ರೀತಿ ತೋರಿಸಿದ ಕೇಸು. ತೀರ್ಪು 2024ರ ಮೇ 30ರಂದು ಬಂತು, 2025ರ ಜನವರಿಯಲ್ಲಿ ಯಾವ ಶಿಕ್ಷೆಯೂ ಇಲ್ಲದೆ ಮುಗಿಯಿತು. ಅದು ರಾಜಕೀಯ ದ್ವೇಷದ ಕೇಸು ಅಂತ ಟ್ರಂಪ್ ಹೇಳುತ್ತಾರೆ, ಮೇಲ್ಮನವಿಯನ್ನೂ ಹಾಕಿದ್ದಾರೆ. ಎಣಿಕೆ ತಡೆಯಲು ನೋಡಿದರು ಅನ್ನುವ ಆರೋಪದ ಜನವರಿ 6ರ ಕೇಸು ವಿಚಾರಣೆಗೇ ಬರಲಿಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಹಾಗೆಯೇ ಬೈಡನ್ ತಮ್ಮ ಮಗನಿಗೆ ಕ್ಷಮೆ ಕೊಡುವುದಿಲ್ಲ ಅಂತ ಜನರಿಗೆ ಮಾತು ಕೊಟ್ಟು 2024ರ ಡಿಸೆಂಬರ್ 1ರಂದು ಕೊಟ್ಟರು. ಅದು ತಪ್ಪು. ತಂದೆಯ ಸಂಕಟ ಅರ್ಥವಾದರೂ ತಪ್ಪು ತಪ್ಪೇ. ಅದನ್ನು ಒಪ್ಪಿಕೊಂಡ ಮಾತ್ರಕ್ಕೆ ಆ ಕಡೆಯ ದೊಡ್ಡ ತಪ್ಪು ಚಿಕ್ಕದಾಗುವುದಿಲ್ಲ.

ಇನ್ನು, ಯಾರಿಗೂ ಶಿಕ್ಷೆ ಆಗುವುದಿಲ್ಲ ಅನ್ನುವುದೂ ಸುಳ್ಳು. ಇಲಿನಾಯ್ ಗವರ್ನರ್ ಬ್ಲಗೋಯೆವಿಚ್, ಡೆಮಾಕ್ರಟ್. ಅವರನ್ನು 2009ರಲ್ಲಿ ರಾಜ್ಯದ ಸೆನೆಟ್ 59-0 ವೋಟಿನಿಂದ ಕಿತ್ತುಹಾಕಿತು, ಆ ಸೆನೆಟ್‌ನಲ್ಲಿ ಡೆಮಾಕ್ರಟರೇ ಜಾಸ್ತಿ ಇದ್ದರು. ಸುಳ್ಳಿನ ಮೇಲೆ ಸುಳ್ಳು ಹೇಳಿ ಗೆದ್ದ ನ್ಯೂಯಾರ್ಕ್‌ನ ರಿಪಬ್ಲಿಕನ್ ಜಾರ್ಜ್ ಸ್ಯಾಂಟೋಸ್‌ನನ್ನು 2023ರ ಡಿಸೆಂಬರ್‌ನಲ್ಲಿ ಹೌಸ್ ಹೊರಹಾಕಿದಾಗ 105 ರಿಪಬ್ಲಿಕನ್ನರು ಅದಕ್ಕೆ ಕೈ ಎತ್ತಿದರು. ಬೇಸರದ ಸಂಗತಿ ಅಂದರೆ ಆಮೇಲೆ ಈ ಇಬ್ಬರ ಜೈಲು ಶಿಕ್ಷೆಯನ್ನೂ ಟ್ರಂಪ್ ಮೊಟಕು ಮಾಡಿದರು. ಆದರೂ ಕುರ್ಚಿ ಹೋದದ್ದು ಹೋದದ್ದೇ.

ನಿಮ್ಮ ಪಕ್ಕದ ರಾಜ್ಯದ ಚಿನ್ನದ ಗಟ್ಟಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಫಾರ್ಮ್‌ಗೂ ಅದಕ್ಕೂ ನೇರ ಸಂಬಂಧ ಇದೆ. ಸೆನೆಟರ್ ಬಾಬ್ ಮೆನೆಂಡೆಜ್ ಮೇಲೆ ಮೊದಲೂ ಒಂದು ಭ್ರಷ್ಟಾಚಾರದ ಕೇಸು ಇತ್ತು. 2017ರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೇಸು ಬಿದ್ದುಹೋಯಿತು, 2018ರಲ್ಲಿ ಆರಾಮಾಗಿ ಮತ್ತೆ ಗೆದ್ದರು. ಆಮೇಲೆ ಅವರ ಮನೆಯಲ್ಲಿ ಚಿನ್ನದ ಗಟ್ಟಿ, 4,80,000 ಡಾಲರ್‌ಗೂ ಜಾಸ್ತಿ ನಗದು ಸಿಕ್ಕಿತು. 2023ರ ಸೆಪ್ಟೆಂಬರ್ 22ರಂದು ಆರೋಪಪಟ್ಟಿ ಬಂತು. ಮಾರನೇ ದಿನವೇ ಅವರದೇ ಪಾರ್ಟಿಯ ಆಂಡಿ ಕಿಮ್ ಅನ್ನುವ ಹೌಸ್ ಸದಸ್ಯ ನಾನು ಪ್ರೈಮರಿಯಲ್ಲಿ ನಿಲ್ಲುತ್ತೇನೆ ಅಂದರು. ಮೆನೆಂಡೆಜ್‌ರ ಹಳೆಯ ಸ್ನೇಹಿತ, ಅದೇ ರಾಜ್ಯದ ಇನ್ನೊಬ್ಬ ಸೆನೆಟರ್ ಕೋರಿ ಬುಕರ್ ಕೂಡ ರಾಜೀನಾಮೆ ಕೊಡಿ ಅಂದರು. ಆಂಡಿ ಕಿಮ್ ಅಷ್ಟಕ್ಕೇ ನಿಲ್ಲಲಿಲ್ಲ. ನ್ಯೂಜೆರ್ಸಿಯಲ್ಲಿ ಜಿಲ್ಲಾ ಮಟ್ಟದ ಪಾರ್ಟಿ ಮುಖಂಡರು ಒಪ್ಪಿದ ಅಭ್ಯರ್ಥಿಗಳ ಹೆಸರನ್ನೆಲ್ಲಾ ಮತಪತ್ರದಲ್ಲಿ ಒಂದೇ ಸಾಲಿನಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕುವ ಹಳೆಯ ಪದ್ಧತಿ ಇತ್ತು, ಮಿಕ್ಕವರ ಹೆಸರು ಎಲ್ಲೋ ಮೂಲೆಯಲ್ಲಿ. ಅದರ ವಿರುದ್ಧ ಕಿಮ್ ಕೋರ್ಟಿಗೆ ಹೋದರು. 2024ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಡೆಮಾಕ್ರಟಿಕ್ ಪ್ರೈಮರಿಗೆ ಆ ಪದ್ಧತಿ ತಡೆದರು. ಕಿಮ್ ಪ್ರೈಮರಿ ಗೆದ್ದರು, ನವೆಂಬರ್‌ನ ಮುಖ್ಯ ಚುನಾವಣೆಯಲ್ಲೂ ಗೆದ್ದರು. ಮೆನೆಂಡೆಜ್‌ಗೆ 11 ವರ್ಷ ಜೈಲು ಶಿಕ್ಷೆ ಆಯಿತು.

ನಿಮ್ಮ ಫಿಲಡೆಲ್ಫಿಯಾದಲ್ಲೇ ಇಂಥದ್ದು ನಡೆದಿದೆ. 20 ವರ್ಷಕ್ಕೂ ಜಾಸ್ತಿ ಕಾಲ ಹೌಸ್‌ನಲ್ಲಿದ್ದ ಡೆಮಾಕ್ರಟ್ ಚಾಕಾ ಫಟ್ಟಾ ಮೇಲೆ 2015ರಲ್ಲಿ ಆರೋಪಪಟ್ಟಿ ಬಂತು. 2016ರ ಏಪ್ರಿಲ್ ಪ್ರೈಮರಿಯಲ್ಲಿ ಅವರದೇ ಪಾರ್ಟಿಯ ಮತದಾರರು ಅವರನ್ನು ಸೋಲಿಸಿದರು. ಕೋರ್ಟ್ ತೀರ್ಪು ಬಂದದ್ದು ಅದಾದ ಮೇಲೆ, ಜೂನ್‌ನಲ್ಲಿ.

ಆದ್ದರಿಂದ ಫಾರ್ಮ್‌ನಲ್ಲಿ ಪಾರ್ಟಿ ಜಾಗ ಖಾಲಿ ಬಿಡುವ ಮೊದಲು ಯೋಚಿಸಿ. ಪೆನ್ಸಿಲ್ವೇನಿಯಾದಲ್ಲಿ ಪ್ರೈಮರಿ ಮುಚ್ಚಿದ ಪ್ರೈಮರಿ. ಡೆಮಾಕ್ರಟ್ ಅಂತ ನೋಂದಾಯಿಸಿದವರು ಡೆಮಾಕ್ರಟ್ ಅಭ್ಯರ್ಥಿಯನ್ನು, ರಿಪಬ್ಲಿಕನ್ ಅಂತ ನೋಂದಾಯಿಸಿದವರು ರಿಪಬ್ಲಿಕನ್ ಅಭ್ಯರ್ಥಿಯನ್ನು ಆರಿಸುತ್ತಾರೆ. ಯಾವುದೂ ಇಲ್ಲ ಅಂದವರು ಅಭ್ಯರ್ಥಿಗಳಿಗೆ ವೋಟು ಹಾಕುವಂತಿಲ್ಲ, ಮತಪತ್ರದಲ್ಲಿ ಬೇಕೋ ಬೇಡವೋ ಅಂತ ಜನರನ್ನು ಕೇಳುವ ಸಾರ್ವಜನಿಕ ಪ್ರಶ್ನೆ ಏನಾದರೂ ಇದ್ದರೆ ಅದಕ್ಕೆ ಹಾಕಬಹುದು. ಈ ರಾಜ್ಯದಲ್ಲಿ ಎರಡು ದೊಡ್ಡ ಪಾರ್ಟಿಗೂ ಸೇರದ ಮತದಾರರು 10 ಲಕ್ಷಕ್ಕೂ ಜಾಸ್ತಿ ಇದ್ದಾರೆ. ಪ್ರೈಮರಿ ದಿನ ಗೊತ್ತಿಲ್ಲದೆ ಬಂದು ಸಾಲಿನಲ್ಲಿ ನಿಂತ ಅಂಥವರನ್ನು ವಾಪಸ್ ಕಳಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ನನಗೆ ಅದರಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಫಿಲಡೆಲ್ಫಿಯಾಗೆ 1952ರಿಂದ ಇವತ್ತಿನವರೆಗೆ ಡೆಮಾಕ್ರಟ್ ಮೇಯರ್‌ಗಳೇ. ಅಂದರೆ ನಿಮ್ಮ ನಗರದ ಮೇಯರ್ ಯಾರು ಅನ್ನುವುದು ನಿಜವಾಗಿ ತೀರ್ಮಾನ ಆಗುವುದು ಡೆಮಾಕ್ರಟಿಕ್ ಪ್ರೈಮರಿಯಲ್ಲಿ. ಪಾರ್ಟಿ ಇಲ್ಲ ಅಂತ ಗುರುತು ಹಾಕಿದರೆ ಆ ತೀರ್ಮಾನದಲ್ಲಿ ನಿಮಗೆ ಜಾಗ ಇಲ್ಲ.

ನನ್ನ ಸಲಹೆ ಕೇಳಿದರೆ, ನಿಮ್ಮ ವಿಚಾರಗಳಿಗೆ ಯಾವ ಪಾರ್ಟಿ ಸ್ವಲ್ಪವಾದರೂ ಹತ್ತಿರವೋ ಅದನ್ನು ಬರೆಯಿರಿ. ಆ ಪಾರ್ಟಿಯ ಕಳ್ಳನನ್ನು ಪ್ರೈಮರಿಯಲ್ಲಿ ಹೊರಹಾಕುವ ಶಕ್ತಿ ಆಗ ಸಿಗುತ್ತದೆ. ನವೆಂಬರ್‌ನಲ್ಲಿ ಯಾರಿಗೆ ಬೇಕಾದರೂ ಹಾಕಬಹುದು. ಮನಸ್ಸು ಬದಲಾದರೆ ಮುಂದಿನ ಚುನಾವಣೆಗೆ 15 ದಿನ ಮೊದಲವರೆಗೂ ಪಾರ್ಟಿ ಬದಲಿಸಬಹುದು. ತೊಂದರೆ ಇಲ್ಲವಾ ಅಂದರೆ ಇದೆ. ನೀವು ಯಾವ ಪಾರ್ಟಿಗೆ ನೋಂದಾಯಿಸಿದ್ದೀರಿ ಅನ್ನುವುದು ಸಾರ್ವಜನಿಕ ದಾಖಲೆ, ಆ ಪಟ್ಟಿಯನ್ನು ಬೇರೆಯವರೂ ಪಡೆಯಬಹುದು. ಯಾರಿಗೆ ವೋಟು ಹಾಕಿದಿರಿ ಅನ್ನುವುದು ಮಾತ್ರ ಗುಟ್ಟು. ಫೋನು, ಮೆಸೇಜು, ಅಂಚೆ ಕಾಗದ ರಾಶಿ ಬರುತ್ತದೆ. ನೀವು ಇಷ್ಟಪಡದ ಪಾರ್ಟಿಗೆ ಸೇರಿ ಅದರ ಕೆಟ್ಟ ಅಭ್ಯರ್ಥಿಯನ್ನು ಬೇಕಂತಲೇ ಗೆಲ್ಲಿಸುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ದಯವಿಟ್ಟು ಅದು ಬೇಡ. ಆ ಕೆಟ್ಟ ಅಭ್ಯರ್ಥಿ ನವೆಂಬರ್‌ನಲ್ಲೂ ಗೆದ್ದುಬಿಟ್ಟರೆ ಅನುಭವಿಸುವವರು ನೀವೇ. ಸಣ್ಣ ಪಾರ್ಟಿಗೆ ವೋಟು ಹಾಕುವುದು ನಿಮ್ಮ ಹಕ್ಕು, ಆದರೆ ಲೆಕ್ಕ ಗೊತ್ತಿರಲಿ. 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು 537 ವೋಟಿನಿಂದ, ಗ್ರೀನ್ ಪಾರ್ಟಿಯ ನೇಡರ್‌ಗೆ ಬಿದ್ದದ್ದು 97,000ಕ್ಕೂ ಜಾಸ್ತಿ.

ಮಗನಿಗೆ ಟ್ರಂಪ್, ಬೈಡನ್ ಬಿಟ್ಟು ಲುಜರ್ನ್ ಕೌಂಟಿಯ ಕಥೆ ಹೇಳಿ. ಅದು ನಿಮ್ಮ ರಾಜ್ಯದ್ದೇ, ಫಿಲಡೆಲ್ಫಿಯಾದಿಂದ ಉತ್ತರಕ್ಕೆ. ಅಲ್ಲಿ ಇಬ್ಬರು ನ್ಯಾಯಾಧೀಶರು, ಮಾರ್ಕ್ ಚಾವರೆಲಾ ಮತ್ತು ಮೈಕಲ್ ಕಾನಹನ್, ಖಾಸಗಿ ಬಾಲಬಂಧನ ಕೇಂದ್ರಗಳಿಗೆ ಸಂಬಂಧಪಟ್ಟವರಿಂದ 28 ಲಕ್ಷ ಡಾಲರ್ ತೆಗೆದುಕೊಂಡಿದ್ದರು. ಅಲ್ಲಿ ಸಣ್ಣ ಸಣ್ಣ ತಪ್ಪಿಗೆ ಮಕ್ಕಳನ್ನು ಒಳಗೆ ಹಾಕುತ್ತಿದ್ದರು. ಶಾಲೆಯ ಸಹಾಯಕ ಪ್ರಾಂಶುಪಾಲರನ್ನು ಗೇಲಿ ಮಾಡಿ ಮೈಸ್ಪೇಸ್ ಅನ್ನುವ ಜಾಲತಾಣದಲ್ಲಿ ಪುಟ ಮಾಡಿದ್ದಕ್ಕೆ ಒಬ್ಬ ಹುಡುಗಿಗೆ ಮೂರು ತಿಂಗಳ ಬಂಧನ ಕೊಟ್ಟರು. ಆಗ ಅವಳಿಗೂ ಹೆಚ್ಚುಕಡಿಮೆ ನಿಮ್ಮ ಮಗನ ವಯಸ್ಸೇ. ಪೆನ್ಸಿಲ್ವೇನಿಯಾದಲ್ಲಿ ಇಂಥ ನ್ಯಾಯಾಧೀಶರನ್ನು ಆರಿಸುವುದು ಜನ, ಅದೂ ಬೆಸ ಸಂಖ್ಯೆಯ ವರ್ಷಗಳಲ್ಲಿ, ಯಾರೂ ಗಮನ ಕೊಡದ ಚುನಾವಣೆಯಲ್ಲಿ. ಫಿಲಡೆಲ್ಫಿಯಾದ ಜುವೆನೈಲ್ ಲಾ ಸೆಂಟರ್ ವಕೀಲರು ಹೋರಾಡಿದ ಮೇಲೆ ರಾಜ್ಯದ ಸುಪ್ರೀಂ ಕೋರ್ಟ್ ಮಕ್ಕಳಿಗೆ ಕೊಟ್ಟಿದ್ದ ಸಾವಿರಾರು ಶಿಕ್ಷೆಗಳನ್ನು ರದ್ದು ಮಾಡಿತು. 2024ರ ಡಿಸೆಂಬರ್‌ನಲ್ಲಿ ಬೈಡನ್ ಆ ನ್ಯಾಯಾಧೀಶ ಕಾನಹನ್‌ಗೆ ಆಗಿದ್ದ ಜೈಲು ಶಿಕ್ಷೆ ಮೊಟಕು ಮಾಡಿದಾಗ, ಅದೇ ಪಾರ್ಟಿಯ ಗವರ್ನರ್ ಜಾಶ್ ಶಪೀರೊ ಇದು ತಪ್ಪು ಅಂತ ಬಹಿರಂಗವಾಗಿ ಹೇಳಿದರು. ನನಗೆ ಆ ಮಾತು ತುಂಬಾ ಮುಖ್ಯ ಅನ್ನಿಸಿತು. ಮಗನಿಗೆ 17 ಆದರೆ, ಶಾಲೆಯ ಮತ್ತು ನಿಮ್ಮ ಒಪ್ಪಿಗೆ ತೆಗೆದುಕೊಂಡು, ಮತಗಟ್ಟೆಯಲ್ಲಿ ಕೆಲಸ ಮಾಡಬಹುದು. ಸಂಬಳವನ್ನೂ ಕೊಡುತ್ತಾರೆ. ಒಂದು ದಿನ ಅಲ್ಲಿ ಕೂತು ನೋಡಲಿ.

ಕೊನೆಯದಾಗಿ ನಿಮ್ಮ ಯಜಮಾನರ ವಿಷಯ, ಇದನ್ನು ಎಚ್ಚರಿಕೆಯಿಂದ ಓದಿ. ಗ್ರೀನ್ ಕಾರ್ಡ್ ಇರುವವರು ಅಭ್ಯರ್ಥಿಗೆ ತಮ್ಮ ಸ್ವಂತ ದುಡ್ಡು ಕೊಡಬಹುದು. ಎಚ್-1ಬಿಯಲ್ಲಿ ಇರುವವರು, ಊರಿಂದ ಬಂದ ಅಪ್ಪ ಅಮ್ಮ ಕೊಡುವಂತಿಲ್ಲ, ಅವರ ದುಡ್ಡನ್ನು ನಿಮ್ಮ ಹೆಸರಲ್ಲಿ ಕೊಡುವುದೂ ಅಪರಾಧ. ಫೆಡರಲ್ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಒಟ್ಟು 200 ಡಾಲರ್ ದಾಟಿದರೆ ಕೊಟ್ಟವರ ಹೆಸರು, ಕೆಲಸ, ಕಂಪನಿ ಎಲ್ಲಾ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಬರುತ್ತದೆ, ಆಫೀಸಿನವರೂ ನೋಡಬಹುದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಡ್ರೈವಿಂಗ್ ಲೈಸೆನ್ಸ್ ಕೌಂಟರಿನ ಪರದೆಯಲ್ಲಿ ವೋಟರ್ ನೋಂದಣಿ ಪ್ರಶ್ನೆ ಬಂದರೆ ಅವರು ಯೋಚಿಸದೆ ಹೌದು ಅಂತ ಒತ್ತಬಾರದು. ಮುಂದೆ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವಾಗ, ಯಾವತ್ತಾದರೂ ನೋಂದಾಯಿಸಿದ್ದೀರಾ, ವೋಟು ಹಾಕಿದ್ದೀರಾ ಅಂತ ಕೇಳುತ್ತಾರೆ, ಗೊತ್ತಿಲ್ಲದೆ ಮಾಡಿದ ತಪ್ಪಿಗೂ ಗಡೀಪಾರಿನವರೆಗೆ ಹೋಗಬಹುದು. ಈಗಾಗಲೇ ಹಾಗೇನಾದರೂ ಆಗಿದ್ದರೆ, ಹೆಸರು ತೆಗೆಸುವ ಮೊದಲು ಒಬ್ಬ ವಲಸೆ ವಕೀಲರ ಹತ್ತಿರ ಮಾತಾಡಿ.